ನಷ್ಟದ ಕಾರಣಗಳು ಬೇರೆ ಬೇರೆಯಾಗಿರಲಿ: ಬಾಂಡು, ಪ್ರೈವೇಟ್ ಕ್ರೆಡಿಟ್ ಮತ್ತು ನಮ್ಮ ಗಂಟು

(ವೈಯಕ್ತಿಕ ಹೂಡಿಕೆಯ ಕುರಿತು ಸಾರ್ವಜನಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಹೂಡಿಕೆಯ ಮಾತು ಬಂದ ಕೂಡಲೇ ಜನ ಕೇಳುವುದು, ಯಾವುದರಲ್ಲಿ ಎಷ್ಟು ಪರ್ಸೆಂಟ್ ಹಾಕಬೇಕು ಅಂತ. ಅದಕ್ಕೆ ಉತ್ತರ ಹೇಳುತ್ತೇನೆ, ಆದರೆ ಕೊನೆಗೆ. ಅದಕ್ಕಿಂತ ಮೊದಲು ನೀವು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ನಿಮ್ಮ ಹತ್ತಿರ ಇರುವ ಒಂದೊಂದು ಹೂಡಿಕೆಯನ್ನೂ ಮುಂದಿಟ್ಟುಕೊಂಡು, ‘ಇದರಲ್ಲಿ ನನಗೆ ನಷ್ಟವಾಗುವುದಾದರೆ ಯಾವ ಕಾರಣಕ್ಕೆ ಆಗುತ್ತದೆ?’ ಎಂದು ಒಂದು ಸಾಲು ಬರೆಯಿರಿ. ಹತ್ತು ಹೂಡಿಕೆಗಳ ಮುಂದೆಯೂ ಒಂದೇ ಕಾರಣ ಬಂದರೆ ನಿಮ್ಮಲ್ಲಿರುವುದು ಒಂದೇ ಹೂಡಿಕೆ, ಹತ್ತು ಹೆಸರಿನಲ್ಲಿ.

ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಬರೆದ ಒಂದು ಪ್ರಬಂಧ ಈ ವಿಚಾರಕ್ಕೆ ಗಣಿತದ ರೂಪ ಕೊಟ್ಟಿತು. 1990ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಕೂಡ ಬಂತು. ಅವರ ಮಾತಿನ ತಿರುಳು ಸರಳ. ಒಂದು ಹೂಡಿಕೆ ಒಂಟಿಯಾಗಿ ಎಷ್ಟು ಏರಿಳಿಯುತ್ತದೆ ಎನ್ನುವುದು ಅರ್ಧ ಮಾತು ಮಾತ್ರ. ಉಳಿದವು ಇಳಿಯುವಾಗ ಇದು ಏನು ಮಾಡುತ್ತದೆ ಎನ್ನುವುದು ಉಳಿದರ್ಧ, ಮತ್ತು ಅದೇ ಹೆಚ್ಚು ಮುಖ್ಯ. ವೈವಿಧ್ಯ ಎಂದರೆ ಹೆಸರುಗಳ ಸಂಖ್ಯೆಯಲ್ಲ, ನಷ್ಟದ ಕಾರಣಗಳ ಸಂಖ್ಯೆ. ಬಾಂಡು ಮತ್ತು ಪ್ರೈವೇಟ್ ಕ್ರೆಡಿಟ್, ಅಂದರೆ ಫಂಡುಗಳು ಕಂಪನಿಗಳಿಗೆ ನೇರವಾಗಿ ಕೊಡುವ ಸಾಲ, ಇವೆರಡರ ಬಗ್ಗೆ ಇವತ್ತು ನಾನು ಆಡುವ ಮಾತೆಲ್ಲ ಇದರ ಸುತ್ತಲೇ ಇರುತ್ತದೆ.

ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2008ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಷೇರುಗಳ ಎಸ್ ಅಂಡ್ ಪಿ 500 ಸೂಚ್ಯಂಕ ಡಿವಿಡೆಂಡ್ ಸೇರಿಸಿಯೂ 37% ಕುಸಿಯಿತು. ಅದೇ ವರ್ಷ ಅಮೆರಿಕ ಸರ್ಕಾರದ ದೀರ್ಘಾವಧಿ ಬಾಂಡುಗಳು 20%ಕ್ಕಿಂತ ಹೆಚ್ಚು ಲಾಭ ಕೊಟ್ಟವು. ಷೇರಿನ ಜೊತೆ ಬಾಂಡು ಇಟ್ಟವರು ನಿದ್ದೆ ಮಾಡಿದರು. ಇನ್ನು 2022. ಷೇರು 18% ಬಿತ್ತು. ಬಾಂಡು ಕೈ ಹಿಡಿಯುತ್ತದೆ ಎಂದು ನಂಬಿದ್ದವರಿಗೆ ಅಲ್ಲಿಯೂ ಪೆಟ್ಟು ಬಿತ್ತು. ಅಮೆರಿಕದ ಬಾಂಡು ಮಾರುಕಟ್ಟೆಯ ಮುಖ್ಯ ಸೂಚ್ಯಂಕ ಸುಮಾರು 13% ಇಳಿಯಿತು. ಬಾಂಡಿನ ಸೂಚ್ಯಂಕವೊಂದು ಒಂದೇ ವರ್ಷದಲ್ಲಿ ಇಷ್ಟು ಬೀಳುವುದು ಆ ತಲೆಮಾರು ಕಾಣದ ಸಂಗತಿ.

ಬಾಂಡು ಎರಡೂ ಸಲ ಬಾಂಡೇ ಆಗಿತ್ತು. ಬದಲಾದದ್ದು ನಷ್ಟದ ಕಾರಣ. 2008ರಲ್ಲಿ ಜನ ಹೆದರಿದ್ದು ಕಂಪನಿಗಳು, ಬ್ಯಾಂಕುಗಳು ಮುಳುಗುತ್ತವೆ ಎಂದು. ಆಗ ಸರ್ಕಾರದ ಸಾಲಪತ್ರ ಆಸರೆಯಾಯಿತು, ಬಡ್ಡಿದರ ಇಳಿದು ಅದರ ಬೆಲೆ ಏರಿತು. 2022ರಲ್ಲಿ ಹೆದರಿಕೆ ಹಣದುಬ್ಬರದ್ದು. ಆ ವರ್ಷದ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ 9.1% ಮುಟ್ಟಿತು. ಅಲ್ಲಿನ ಕೇಂದ್ರ ಬ್ಯಾಂಕು ಮಾರ್ಚ್ 2022ರಲ್ಲಿ ಹೆಚ್ಚುಕಡಿಮೆ ಸೊನ್ನೆಯಲ್ಲಿದ್ದ ಬಡ್ಡಿದರವನ್ನು ಜುಲೈ 2023ರ ಹೊತ್ತಿಗೆ 5.25–5.50%ಕ್ಕೆ ಒಯ್ದಿತು. ಏರುವ ಬಡ್ಡಿ ಷೇರಿಗೂ ಕಹಿ, ಬಾಂಡಿಗೂ ಕಹಿ. ಹಾಗಾಗಿ ‘ಷೇರು ಬಿದ್ದಾಗ ಬಾಂಡು ಕಾಯುತ್ತದೆ’ ಎನ್ನುವುದು ನಿಯಮವಲ್ಲ. ಅದು ಒಂದು ಬಗೆಯ ಬಿಕ್ಕಟ್ಟಿಗೆ ಮಾತ್ರ ಹೊಂದುವ ಮಾತು.

ಬಾಂಡಿನ ಬೆಲೆ ಯಾಕೆ ಇಳಿಯುತ್ತದೆ

ಬಾಂಡು ಎಂದರೆ ನೀವು ಕೊಟ್ಟ ಸಾಲದ ಪತ್ರ. ಕಾಲಕಾಲಕ್ಕೆ ಬಡ್ಡಿ, ಕೊನೆಯ ದಿನ ಅಸಲು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಬಹಳ ಜನ ಎಡವುವುದು ಅದರ ನಡುವಿನ ಬೆಲೆಯಲ್ಲಿ.

ಮುಖಬೆಲೆ 100 ಇರುವ, ವರ್ಷಕ್ಕೆ 5 ಬಡ್ಡಿ ಕೊಡುವ, ಹತ್ತು ವರ್ಷದ ಬಾಂಡು ನಿಮ್ಮಲ್ಲಿದೆ ಎಂದುಕೊಳ್ಳಿ. ಕೊಂಡ ಮರುದಿನವೇ ಅಂಥದೇ ಹೊಸ ಬಾಂಡುಗಳು 6% ಕೊಡತೊಡಗಿದವು. ಈಗ ನಿಮ್ಮ 5%ದ ಪತ್ರವನ್ನು ಪೂರ್ತಿ ಬೆಲೆ ಕೊಟ್ಟು ಯಾರು ಕೊಳ್ಳುತ್ತಾರೆ? ಲೆಕ್ಕ ಹಾಕಿದರೆ ಅದರ ಬೆಲೆ ಸುಮಾರು 92.6ಕ್ಕೆ ಇಳಿದಿರುತ್ತದೆ. ಬಡ್ಡಿದರ 4%ಕ್ಕೆ ಇಳಿದಿದ್ದರೆ 108ರ ಮೇಲೆ ಹೋಗಿರುತ್ತಿತ್ತು. ಇದೇ ಒಂದು ಪರ್ಸೆಂಟ್ ಏರಿಕೆ ಎರಡು ವರ್ಷದ ಬಾಂಡಿಗೆ ಬಡಿದರೆ ಬೆಲೆ 98ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೂವತ್ತು ವರ್ಷದ್ದಾದರೆ 86ಕ್ಕೆ ಜಾರುತ್ತದೆ. ಅವಧಿ ಉದ್ದವಾದಷ್ಟೂ ಪೆಟ್ಟು ದೊಡ್ಡದು. ಬಾಂಡಿನ ಈ ಸೂಕ್ಷ್ಮತೆಯ ಅಳತೆಗೆ ಡ್ಯುರೇಷನ್ ಎನ್ನುತ್ತಾರೆ. ಫ್ರೆಡ್ರಿಕ್ ಮೆಕಾಲೆ 1938ರಲ್ಲಿ ಕೊಟ್ಟ ಅಳತೆ ಅದು. ಒಂದು ಬಾಂಡು ಫಂಡಿನ ಡ್ಯುರೇಷನ್ 7 ಎಂದಿದ್ದರೆ, ಬಡ್ಡಿದರ ಒಂದು ಪರ್ಸೆಂಟ್ ಏರಿದಾಗ ಅದರ ಬೆಲೆ ಸುಮಾರು 7% ಇಳಿಯುತ್ತದೆ. ಫಂಡಿನ ಮಾಹಿತಿ ಹಾಳೆಯಲ್ಲಿ ನೀವು ಒಂದೇ ಒಂದು ಅಂಕಿಯನ್ನು ಓದುವುದಾದರೆ ಇದನ್ನು ಓದಿ. ಕಳೆದ ವರ್ಷದ ಲಾಭವನ್ನು ಆಮೇಲೆ ನೋಡಿದರೂ ಆದೀತು.

ಇದು ಬಡ್ಡಿದರದ ಅಪಾಯ. ಸಾಲಗಾರ ಕೈಯೆತ್ತುವ ಅಪಾಯ ಬೇರೆಯೇ ಇದೆ. ಎರಡನ್ನೂ ಬಿಡಿಸಿ ತೋರಿಸಲು ನೂರು ವರ್ಷದ ಬಾಂಡುಗಳ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2017ರಲ್ಲಿ ಎರಡು ದೇಶಗಳು ನೂರು ವರ್ಷದ ಸಾಲ ಎತ್ತಿದವು. ಜೂನ್‌ನಲ್ಲಿ ಅರ್ಜೆಂಟೀನಾ, ಡಾಲರ್‌ನಲ್ಲಿ, 7.125% ಬಡ್ಡಿಗೆ. ಸೆಪ್ಟೆಂಬರ್‌ನಲ್ಲಿ ಆಸ್ಟ್ರಿಯಾ, ಯೂರೋದಲ್ಲಿ, 2.1% ಬಡ್ಡಿಗೆ. ಅರ್ಜೆಂಟೀನಾ ಮೂರೇ ವರ್ಷದಲ್ಲಿ, 2020ರಲ್ಲಿ, ಸುಸ್ತಿಯಾಯಿತು, ಅಂದರೆ ಸಾಲ ಕಟ್ಟಲಾಗದೆ ಕೈಯೆತ್ತಿತು. ನೂರು ವರ್ಷದ ಮಾತನ್ನು ಕೂತು ಹೊಸದಾಗಿ ಬರೆಯಬೇಕಾಯಿತು. ಅದೇ 2020ರಲ್ಲಿ ಆಸ್ಟ್ರಿಯಾ ಇನ್ನೊಂದು ನೂರು ವರ್ಷದ ಬಾಂಡು ತಂದಿತು. ಬಡ್ಡಿ ಬರೀ 0.85%. ಅದನ್ನೂ ಜನ ಮುಗಿಬಿದ್ದು ಕೊಂಡರು. 2022ರಲ್ಲಿ ಬಡ್ಡಿದರ ಏರಿದಾಗ ಅದರ ಬೆಲೆ ಮುಖಬೆಲೆಯ ಅರ್ಧಕ್ಕಿಂತ ಕೆಳಗಿಳಿಯಿತು. ಆಸ್ಟ್ರಿಯಾ ಒಂದು ಕಂತಿನ ಬಡ್ಡಿಯನ್ನೂ ತಪ್ಪಿಸಿಲ್ಲ, ಅಸಲು ಕೊಡಲಾರೆ ಎಂದೂ ಹೇಳಿಲ್ಲ. ಸಾಲಗಾರ ಸತ್ಯವಂತನಾಗಿದ್ದರೂ ಸಾಲ ಕೊಟ್ಟವನ ಗಂಟು ಅರ್ಧವಾಯಿತು.

‘ಕೊನೆಯವರೆಗೆ ಇಟ್ಟುಕೊಂಡರೆ ನಷ್ಟವೇ ಇಲ್ಲವಲ್ಲ’ ಎನ್ನುತ್ತಾರೆ. ಇಟ್ಟುಕೊಳ್ಳಲು ಆಗುವುದಾದರೆ ಆ ಮಾತು ನಿಜ. ಮಾರ್ಚ್ 2023ರಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ್ದು ಕೆಟ್ಟ ಸಾಲಗಳಿಂದಲ್ಲ. ಅದರ ಬೊಕ್ಕಸದಲ್ಲಿ ದೊಡ್ಡ ಪಾಲು ಇದ್ದದ್ದು ಸರ್ಕಾರದ ಮತ್ತು ಸರ್ಕಾರದ ಆಸರೆಯಿರುವ ದೀರ್ಘಾವಧಿ ಬಾಂಡುಗಳು. ಆದರೆ ಠೇವಣಿದಾರರು ಯಾವತ್ತು ಬೇಕಾದರೂ ಬಂದು ಹಣ ಕೇಳಬಹುದಿತ್ತು, ಮತ್ತು ಒಂದು ದಿನ ಎಲ್ಲರೂ ಒಟ್ಟಿಗೆ ಕೇಳಿದರು. ಹಣ ಬೇಕಾದ ದಿನವೂ ಬಾಂಡು ಮುಗಿಯುವ ದಿನವೂ ಹೊಂದಲಿಲ್ಲ. ಒಂದು ಮನೆಯ ಲೆಕ್ಕದಲ್ಲೂ ಇದೇ ಆಗುವುದು. ಎರಡು ವರ್ಷದಲ್ಲಿ ಮಗಳ ಓದಿಗೆ ಬೇಕಾದ ಹಣವನ್ನು ಇಪ್ಪತ್ತು ವರ್ಷದ ಸರ್ಕಾರಿ ಬಾಂಡಿನಲ್ಲಿ ಇಟ್ಟವರಿಗೆ ಸರ್ಕಾರ ಮೋಸ ಮಾಡುವುದಿಲ್ಲ, ತಾರೀಖು ಮಾಡುತ್ತದೆ.

ಆದ್ದರಿಂದ ಬಾಂಡು ಕೊಳ್ಳುವ ಮುನ್ನ ಬಡ್ಡಿಯ ಪಟ್ಟಿಗಿಂತ ಮೊದಲು ನಿಮ್ಮ ಖರ್ಚಿನ ತಾರೀಖುಗಳ ಪಟ್ಟಿ ಮಾಡಿ. ಆ ತಾರೀಖುಗಳಿಗೆ ಬಾಂಡುಗಳ ಅವಧಿ ಹೊಂದಿಸಿ. ಏಣಿ ಕಟ್ಟುವುದು ಎಂದು ನಾವು ಹೇಳುವ ವಿಧಾನ ಇದೇ. ಹಣವನ್ನು ಐದು ಪಾಲು ಮಾಡಿ ಒಂದು, ಎರಡು, ಮೂರು, ನಾಲ್ಕು, ಐದು ವರ್ಷದ ಬಾಂಡುಗಳಲ್ಲಿ ಹಾಕಿ. ಪ್ರತಿ ವರ್ಷ ಒಂದು ಪಾಲು ಕೈಗೆ ಬರುತ್ತದೆ. ಬೇಕಾದರೆ ಖರ್ಚು ಮಾಡಿ, ಬೇಡವಾದರೆ ಹೊಸ ಐದು ವರ್ಷದ ಬಾಂಡು ಕೊಳ್ಳಿ. ಬಡ್ಡಿದರ ಏರಿದರೆ ಹೊಸ ಮೆಟ್ಟಿಲಿಗೆ ಹೆಚ್ಚು ಬಡ್ಡಿ ಸಿಗುತ್ತದೆ. ಇಳಿದರೆ ಹಳೆಯ ಮೆಟ್ಟಿಲುಗಳು ಹಳೆಯ ದರವನ್ನೇ ಕೊಡುತ್ತಿರುತ್ತವೆ. ಬಡ್ಡಿ ಎತ್ತ ಹೋಗುತ್ತದೆಂದು ಊಹಿಸುವ ಕೆಲಸವೇ ತಪ್ಪಿತು. ಆ ಊಹೆಯಲ್ಲಿ ದೊಡ್ಡ ದೊಡ್ಡವರೇ ಸೋತಿದ್ದಾರೆ. ಫಂಡಿನ ಮೂಲಕ ಹೋಗುವವರು ಒಂದು ವ್ಯತ್ಯಾಸ ನೆನಪಿಡಬೇಕು: ಸಾಮಾನ್ಯ ಬಾಂಡು ಫಂಡಿಗೆ ಮುಗಿಯುವ ದಿನ ಎಂಬುದಿಲ್ಲ. ಅದು ಹಳೆಯ ಬಾಂಡು ತೆಗೆದು ಹೊಸದು ಹಾಕುತ್ತಲೇ ಇರುತ್ತದೆ. ‘ಇಂಥ ದಿನ ಅಸಲು ಕೈಗೆ’ ಎಂಬ ಭರವಸೆ ಅದರಲ್ಲಿ ಇಲ್ಲ.

ಹಣದುಬ್ಬರಕ್ಕೆ ಜೋಡಿಸಿದ ಬಾಂಡುಗಳ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬ್ರಿಟನ್ 1981ರಲ್ಲಿ, ಅಮೆರಿಕ 1997ರಲ್ಲಿ ಇವನ್ನು ಆರಂಭಿಸಿದವು. ಬೆಲೆಯೇರಿಕೆಗೆ ತಕ್ಕಂತೆ ಅಸಲು ಏರುತ್ತದೆ. ಹಾಗಾದರೆ 2022ರಲ್ಲಿ ಬ್ರಿಟನ್ನಿನ ಹಣದುಬ್ಬರ 11% ದಾಟಿದಾಗ ಇವು ಮಿಂಚಬೇಕಿತ್ತಲ್ಲ? ಆ ವರ್ಷ ಅಲ್ಲಿನ ಈ ಬಾಂಡುಗಳ ಸೂಚ್ಯಂಕ ಸುಮಾರು ಮೂರನೇ ಒಂದು ಭಾಗ ಕಳೆದುಕೊಂಡಿತು. ಅವುಗಳಲ್ಲಿ ಬಹಳಷ್ಟು ಅತಿ ದೀರ್ಘಾವಧಿಯವು, ಮತ್ತು ಬಡ್ಡಿದರದ ಏರಿಕೆ ಹಣದುಬ್ಬರದ ಪರಿಹಾರವನ್ನೆಲ್ಲ ನುಂಗಿಹಾಕಿತು. ಹೆಸರು ನೋಡಿ ರಕ್ಷಣೆ ಇದೆ ಎಂದುಕೊಂಡವರಿಗೆ ಅವಧಿ ಪಾಠ ಕಲಿಸಿತು. ಇಂಥ ಬಾಂಡು ನಿಮ್ಮ ಗಂಟಿನಲ್ಲಿ ಇರಲಿ ಎಂದೇ ನಾನು ಹೇಳುತ್ತೇನೆ, ಆದರೆ ಅವಧಿ ಚಿಕ್ಕದಿರಲಿ.

ಕಂಪನಿಗಳ ಬಾಂಡುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಲ ತೀರಿಸುವ ಶಕ್ತಿಯನ್ನು ಅಳೆದು ಕೊಡುವ ರೇಟಿಂಗ್ ಪಟ್ಟಿಯಲ್ಲಿ ಬಿಬಿಬಿ ಮೈನಸ್ ಎಂಬ ಗೆರೆ ಇದೆ. ಅದೂ ಅದರ ಮೇಲಿನವೂ ಹೂಡಿಕೆಗೆ ಯೋಗ್ಯ, ಕೆಳಗಿನವು ಹೆಚ್ಚು ಬಡ್ಡಿಯ ಹೆಚ್ಚು ಅಪಾಯದವು. ಆ ಗೆರೆಯ ಕೆಳಗಿನ ಅಮೆರಿಕದ ಬಾಂಡುಗಳು 2008ರಲ್ಲಿ ಕಾಲು ಭಾಗಕ್ಕೂ ಹೆಚ್ಚು ಬಿದ್ದವು. ಸರ್ಕಾರಿ ಬಾಂಡು ಏರುತ್ತಿದ್ದ ಅದೇ ತಿಂಗಳುಗಳಲ್ಲಿ ಅವು ಷೇರಿನ ಹಿಂದೆಯೇ ಇಳಿದವು. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಈಗ ಬರುವ ವಿಷಯಕ್ಕೆ ಇದೇ ಬುನಾದಿ.

ಬ್ಯಾಂಕು ಬಿಟ್ಟ ಜಾಗದಲ್ಲಿ

ಪ್ರೈವೇಟ್ ಕ್ರೆಡಿಟ್ ಎಂದರೆ ಬ್ಯಾಂಕೂ ಅಲ್ಲದ, ಮಾರುಕಟ್ಟೆಯೂ ಅಲ್ಲದ ದಾರಿಯಲ್ಲಿ ಕಂಪನಿಗಳಿಗೆ ಕೊಡುವ ಸಾಲ. ಹೂಡಿಕೆದಾರರಿಂದ ಹಣ ಕೂಡಿಸಿದ ಫಂಡು ನೇರವಾಗಿ ಕಂಪನಿಯ ಜೊತೆ ಕೂತು ಷರತ್ತು ಬರೆದುಕೊಂಡು ಸಾಲ ಕೊಡುತ್ತದೆ. ಆ ಸಾಲಪತ್ರ ಯಾವ ವಿನಿಮಯ ಕೇಂದ್ರದಲ್ಲೂ ದಿನನಿತ್ಯ ಕೈ ಬದಲಾಗುವುದಿಲ್ಲ.

ಇದು ಹೊಸದೇನಲ್ಲ. ಅಮೆರಿಕದಲ್ಲಿ ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಹಣ ಒದಗಿಸುವ ಬಿಡಿಸಿ (ಬಿಸಿನೆಸ್ ಡೆವಲಪ್‌ಮೆಂಟ್ ಕಂಪನಿ) ಎಂಬ ಸಂಸ್ಥೆಗಳಿಗೆ ಅಲ್ಲಿನ ಸಂಸತ್ತು 1980ರಲ್ಲೇ ಕಾನೂನು ಮಾಡಿಕೊಟ್ಟಿತ್ತು. ದೊಡ್ಡದಾಗಿ ಬೆಳೆದದ್ದು 2008ರ ಬಿಕ್ಕಟ್ಟಿನ ನಂತರ. ಬ್ಯಾಂಕುಗಳು ಅಪಾಯದ ಸಾಲಕ್ಕೆ ಹೆಚ್ಚು ಸ್ವಂತ ಬಂಡವಾಳ ಇಡಬೇಕೆಂದು ನಿಯಮ ಬಿಗಿಯಾಯಿತು. ಬ್ಯಾಂಕುಗಳು ಹಿಂದೆ ಸರಿದವು, ಆ ಜಾಗಕ್ಕೆ ಫಂಡುಗಳು ಬಂದವು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಂದಾಜಿನಂತೆ 2023ರ ಹೊತ್ತಿಗೆ ಜಗತ್ತಿನಲ್ಲಿ ಇದರ ಗಾತ್ರ 2 ಲಕ್ಷ ಕೋಟಿ ಡಾಲರ್ ದಾಟಿತ್ತು. ಮೊದಲು ಪಿಂಚಣಿ ನಿಧಿಗಳು, ವಿಮಾ ಕಂಪನಿಗಳು ಮಾತ್ರ ಇದ್ದ ಈ ಅಂಗಳಕ್ಕೆ ಈಗ ನಮ್ಮ ನಿಮ್ಮಂಥವರನ್ನೂ ಕರೆಯುತ್ತಿದ್ದಾರೆ.

ಇದರಲ್ಲಿ ಒಳ್ಳೆಯದು ಇದೆ, ಅದನ್ನು ಮೊದಲು ಹೇಳುವುದು ನ್ಯಾಯ. ಬಹುಪಾಲು ಸಾಲಗಳಿಗೆ ಕಂಪನಿಯ ಆಸ್ತಿಯ ಅಡಮಾನ ಇರುತ್ತದೆ, ಕಂಪನಿ ಮುಳುಗಿದರೆ ವಸೂಲಿಯ ಸಾಲಿನಲ್ಲಿ ಮೊದಲ ಜಾಗ ಸಿಗುತ್ತದೆ. ಕೊಟ್ಟವರು ಬೆರಳೆಣಿಕೆಯವರಾದ್ದರಿಂದ ತೊಂದರೆ ಬಂದಾಗ ಮಾತಾಡಿ ಬಗೆಹರಿಸುವುದೂ ಸುಲಭ. ಬಡ್ಡಿ ತೇಲುವ ದರದ್ದು: ಮಾರುಕಟ್ಟೆಯ ಮೂಲ ದರದ ಮೇಲೆ ಐದೋ ಆರೋ ಪರ್ಸೆಂಟ್. ಆದ್ದರಿಂದ 2022ರಲ್ಲಿ ಬಾಂಡುಗಳ ಬೆಲೆ ಕುಸಿಯುತ್ತಿದ್ದಾಗ ಈ ಸಾಲಗಳ ಆದಾಯ ಏರಿತು. ಮೂಲ ದರ 5% ದಾಟಿದ ಮೇಲೆ ಒಟ್ಟು ಬಡ್ಡಿ 10, 11% ಆಯಿತು. ನೋಡಿದವರ ಕಣ್ಣರಳಿತು.

ನಾನು ತಡೆದು ನಿಲ್ಲಿಸಿ ಕೇಳುವುದು ಇಲ್ಲಿ. ಆ ಹೆಚ್ಚಿನ ಬಡ್ಡಿ ಎಲ್ಲಿಂದ ಬಂತು? ಆಕಾಶದಿಂದ ಬರಲಿಲ್ಲ, ಸಾಲಗಾರ ಕಂಪನಿಯ ಗಲ್ಲಾಪೆಟ್ಟಿಗೆಯಿಂದ ಬಂತು. ಮೊದಲು 6% ಕಟ್ಟುತ್ತಿದ್ದ ಕಂಪನಿ ಅದೇ ಸಾಲಕ್ಕೆ ಈಗ 11% ಕಟ್ಟಬೇಕು. ಅದರ ವ್ಯಾಪಾರ ಏನೂ ದುಪ್ಪಟ್ಟಾಗಿಲ್ಲ. ತೇಲುವ ದರ ಬಡ್ಡಿದರದ ಅಪಾಯವನ್ನು ಇಲ್ಲವಾಗಿಸುವುದಿಲ್ಲ, ಕೊಟ್ಟವರ ಹೆಗಲಿನಿಂದ ತೆಗೆದು ತೆಗೆದುಕೊಂಡವರ ಹೆಗಲ ಮೇಲೆ ಇಡುತ್ತದೆ. ಅವರು ಕುಸಿದರೆ ಅದೇ ಅಪಾಯ ‘ಸುಸ್ತಿ’ ಎಂಬ ಹೊಸ ಹೆಸರಿನಲ್ಲಿ ನಿಮ್ಮ ಬಾಗಿಲಿಗೆ ವಾಪಸು ಬರುತ್ತದೆ. ಈ ಸಾಲಗಾರರು ಯಾರು ಎಂದು ನೋಡಿ. ಹೆಚ್ಚಿನವರು ರೇಟಿಂಗ್ ಪಡೆದರೆ ಆ ಬಿಬಿಬಿ ಮೈನಸ್ ಗೆರೆಯ ಕೆಳಗೇ ನಿಲ್ಲುವಂಥವರು. ಬಹಳಷ್ಟು ಕಂಪನಿಗಳ ಒಡೆತನ ಕಂಪನಿಗಳನ್ನು ಕೊಂಡು ಮಾರುವ ಪ್ರೈವೇಟ್ ಈಕ್ವಿಟಿ ಸಂಸ್ಥೆಗಳದ್ದು, ಅಂದರೆ ಸಾಲ ಮಾಡಿಯೇ ಕೊಂಡ ಕಂಪನಿಗಳು.

ಬಡ್ಡಿ ಕಟ್ಟಲಾಗದಿದ್ದಾಗ ಏನಾಗುತ್ತದೆ? ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ. ಕಂಪನಿಯನ್ನು ಮುಳುಗಿಸಿದರೆ ಫಂಡಿಗೂ ನಷ್ಟ. ಹಾಗಾಗಿ ಬಡ್ಡಿಯನ್ನು ನಗದಾಗಿ ಪಡೆಯುವ ಬದಲು ಅಸಲಿಗೆ ಸೇರಿಸಲು ಒಪ್ಪಿಕೊಳ್ಳುತ್ತಾರೆ. ಇದಕ್ಕೆ ಪಿಕ್ ಬಡ್ಡಿ ಎನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಅದು ಆದಾಯ. ಕೈಗೆ ಒಂದು ಕಾಸೂ ಬಂದಿರುವುದಿಲ್ಲ. ಕೆಲವು ಸಾಲಗಳಲ್ಲಿ ಆರಂಭದಿಂದಲೇ ಹೀಗೆ ಮಾಡುವ ಒಪ್ಪಂದವಿರುತ್ತದೆ, ಅದರಲ್ಲಿ ತಪ್ಪಿಲ್ಲ. ನಡುದಾರಿಯಲ್ಲಿ ನಗದು ನಿಂತು ಪಿಕ್ ಶುರುವಾದರೆ ಅದು ಸಂಕಟದ ಗುರುತು. ಫಂಡಿನ ವರದಿಯಲ್ಲಿ ಒಟ್ಟು ಆದಾಯದ ಎಷ್ಟು ಪಾಲು ಪಿಕ್ ಎಂದು ಹುಡುಕಿ. ಅದು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ನಾನಂತೂ ಆ ಫಂಡಿನಿಂದ ದೂರ ನಿಲ್ಲುತ್ತೇನೆ.

ಇನ್ನು ಕೈಗೆ ಬರುವ ಲಾಭದ ಲೆಕ್ಕ. ಒಂದು ಉದಾಹರಣೆ ಮಾಡೋಣ. ಸಾಲಗಳ ಬಡ್ಡಿ 11%. ನಿರ್ವಹಣಾ ಶುಲ್ಕ 1.25%. ಉಳಿದ 9.75ರಲ್ಲಿ ನಿರ್ವಾಹಕರ ಪಾಲು 12.5%, ಅಂದರೆ ಸುಮಾರು 1.2. ಉಳಿದದ್ದು 8.5. ವರ್ಷಕ್ಕೆ ನೂರರಲ್ಲಿ ನಾಲ್ಕು ಸಾಲ ಕೆಟ್ಟು, ಕೆಟ್ಟದ್ದರಲ್ಲಿ 60% ವಸೂಲಾದರೆ ನಷ್ಟ 1.6. ಕೊನೆಗೆ ನಿಮಗೆ ಸಿಗುವುದು 7ರ ಹತ್ತಿರ. ಸರ್ಕಾರಿ ಬಾಂಡು 4–5% ಕೊಡುವ ಕಾಲದಲ್ಲಿ ಇದು ಕೆಟ್ಟ ಫಲವೇನಲ್ಲ. ಆದರೆ ಜಾಹೀರಾತಿನ 11ಕ್ಕೂ ನಿಮ್ಮ 7ಕ್ಕೂ ನಡುವಿನ ಅಂತರ ನೋಡಿ. ಬಡ್ಡಿ ಆದಾಯದ ಮೇಲಿನ ಪಾಲನ್ನು ಸಾಲ ಕೆಡುವ ಮೊದಲೇ ಲೆಕ್ಕ ಹಾಕುವ ಫಂಡುಗಳಿವೆ ಎಂಬುದನ್ನೂ ಗಮನಿಸಿ. ಕೆಟ್ಟ ವರ್ಷದಲ್ಲಿ ಸಾಲ ಕೆಡುವ ಪ್ರಮಾಣ ದುಪ್ಪಟ್ಟಾಗಿ ವಸೂಲಿ ಅರ್ಧಕ್ಕೆ ಇಳಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಕೂತು ನೀವೇ ಹಾಕಿ ನೋಡಿ. ಫಂಡು ತಾನೂ ಸಾಲ ಎತ್ತಿ ಹೂಡಿದ್ದರೆ ಆ ನಷ್ಟ ಇನ್ನೂ ಹಿಗ್ಗುತ್ತದೆ. ಅಮೆರಿಕದಲ್ಲಿ 2018ರ ಕಾನೂನಿನಿಂದ ಬಿಡಿಸಿಗಳು ತಮ್ಮ ಸ್ವಂತ ಬಂಡವಾಳದ ಎರಡು ಪಟ್ಟಿನವರೆಗೆ ಸಾಲ ಎತ್ತಬಹುದು.

ಅಲುಗಾಡದ ಬೆಲೆ

ಪ್ರೈವೇಟ್ ಕ್ರೆಡಿಟ್ ಮಾರುವವರು ತೋರಿಸುವ ನಕ್ಷೆ ಬಹಳ ಸುಂದರ. ಷೇರಿನ ಗೆರೆ ಹಾವಿನಂತೆ ಹೊರಳಾಡುತ್ತದೆ, ಇದರ ಗೆರೆ ಮಾತ್ರ ನೇರವಾಗಿ ಮೇಲೇರುತ್ತದೆ. ಏರಿಳಿತವೇ ಇಲ್ಲ, ಷೇರಿನ ಜೊತೆ ನಂಟೇ ಇಲ್ಲ ಎನ್ನುತ್ತಾರೆ.

ಆ ನೇರ ಗೆರೆ ಹುಟ್ಟುವ ರೀತಿ ತಿಳಿಯಬೇಕು. ಈ ಸಾಲಗಳಿಗೆ ದಿನದ ಬೆಲೆ ಇಲ್ಲ. ಮೂರು ತಿಂಗಳಿಗೊಮ್ಮೆ, ಕೆಲವು ಕಡೆ ತಿಂಗಳಿಗೊಮ್ಮೆ, ಫಂಡಿನವರೇ ಒಂದು ಮಾದರಿಯ ಪ್ರಕಾರ ಅಂದಾಜು ಮಾಡುತ್ತಾರೆ. ಹೊರಗಿನ ಮೌಲ್ಯಮಾಪಕರು ಪರಿಶೀಲಿಸಬಹುದು, ಆದರೂ ಅದು ಅಂದಾಜೇ. ಕೊಳ್ಳುವವರು ಎದುರು ನಿಂತು ಕೊಟ್ಟ ಬೆಲೆಯಲ್ಲ. ಜ್ವರ ನೋಡದಿದ್ದರೆ ಜ್ವರ ಇಲ್ಲವೆಂದಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಷೇರುಪೇಟೆಯಲ್ಲಿ ವಹಿವಾಟಾಗುವ ಬಿಡಿಸಿಗಳನ್ನು ನೋಡಿ. ಅವುಗಳ ಹೊಟ್ಟೆಯಲ್ಲಿರುವುದೂ ಇಂಥದೇ ಸಾಲಗಳು. ಮಾರ್ಚ್ 2020ರಲ್ಲಿ ಅವುಗಳ ಷೇರು ಬೆಲೆ ಸಾಲಗಳ ಲೆಕ್ಕದ ಮೌಲ್ಯಕ್ಕಿಂತ ಎಷ್ಟೋ ಕೆಳಕ್ಕೆ ಬಿತ್ತು, ಉಳಿದ ಷೇರುಗಳ ಜೊತೆಯಲ್ಲೇ ಬಿತ್ತು. ಪಟ್ಟಿಯಾಗದ ಫಂಡುಗಳ ಗೆರೆ ಅಷ್ಟು ಅಲುಗಲಿಲ್ಲ. ಒಂದೇ ಬಗೆಯ ಸಾಲಕ್ಕೆ ಆ ತಿಂಗಳು ಎರಡು ಬೆಲೆ ಇತ್ತು. ಅಂದು ಮಾರಲೇಬೇಕಾದವರಿಗೆ ಯಾವುದು ಸಿಗುತ್ತಿತ್ತು ಎಂದು ಯೋಚಿಸಿ.

ಮಾರುವ ವಿಷಯಕ್ಕೆ ಬಂದರೆ ಗೇಟು ಇದೆ. ವ್ಯಕ್ತಿಗಳಿಗೆ ತೆರೆದಿರುವ ಬಹುಪಾಲು ಇಂಥ ಫಂಡುಗಳು ಮೂರು ತಿಂಗಳಿಗೊಮ್ಮೆ ಒಟ್ಟು ಫಂಡಿನ 5%ದಷ್ಟು ಮಾತ್ರ ವಾಪಸು ಕೊಡುತ್ತವೆ. ಎಲ್ಲ ಚೆನ್ನಾಗಿರುವಾಗ 2% ಜನ ಕೇಳುತ್ತಾರೆ, ಎಲ್ಲರಿಗೂ ಸಿಗುತ್ತದೆ. ಹೆದರಿಕೆ ಹಬ್ಬಿ 20% ಹಣಕ್ಕೆ ಬೇಡಿಕೆ ಬಂದರೆ ಪ್ರತಿಯೊಬ್ಬರಿಗೂ ಕೇಳಿದ್ದರ ಕಾಲು ಭಾಗ. ಪ್ರತಿ ಮೂರು ತಿಂಗಳಿಗೂ ಇದೇ ಅನುಪಾತ ಮುಂದುವರಿದರೆ, ವರ್ಷ ಕಳೆದ ಮೇಲೂ ನಿಮ್ಮ ಹಣದ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ಒಳಗೇ ಉಳಿದಿರುತ್ತದೆ. ಇದು ಬರೀ ಕಾಗದದ ಲೆಕ್ಕವಲ್ಲ. ಸಾಲದ ಫಂಡಲ್ಲದಿದ್ದರೂ ಇದೇ ಬಗೆಯ ಗೇಟು ಇದ್ದ ಬ್ಲ್ಯಾಕ್‌ಸ್ಟೋನ್ ಸಂಸ್ಥೆಯ ಬಹುದೊಡ್ಡ ಸ್ಥಿರಾಸ್ತಿ ಫಂಡಿನಲ್ಲಿ 2022ರ ಕೊನೆಯಿಂದ ವರ್ಷಕ್ಕೂ ಹೆಚ್ಚು ಕಾಲ ಜನ ಹೀಗೆ ಸಾಲಿನಲ್ಲಿ ಕಾದರು.

ಗೇಟು ಇರುವುದು ಅನ್ಯಾಯವೆಂದು ನಾನು ಹೇಳುತ್ತಿಲ್ಲ. ಐದಾರು ವರ್ಷದ ಸಾಲಗಳನ್ನು ಒಂದೇ ವಾರದಲ್ಲಿ ಮಾರಹೋದರೆ ಉಳಿದ ಹೂಡಿಕೆದಾರರ ಪಾಲು ಮಣ್ಣುಪಾಲಾಗುತ್ತದೆ, ಗೇಟು ಅವರನ್ನು ಕಾಯುತ್ತದೆ. ನಿಯಮಪತ್ರದಲ್ಲಿ ಅದು ಮೊದಲೇ ಬರೆದಿರುತ್ತದೆ. ಓದದೆ, ಠೇವಣಿಯಂತೆ ಬೇಕಾದಾಗ ತೆಗೆಯಬಹುದು ಎಂದು ಭಾವಿಸಿ ತುರ್ತಿನ ಹಣವನ್ನು ಅಲ್ಲಿಡುವುದರಲ್ಲಿ ಕೇಡು ಇದೆ.

ಯಾರ ಜಾಗದಲ್ಲಿ ಇದನ್ನು ಕೂರಿಸುವುದು

ಇವತ್ತು ಇಲ್ಲಿಗೆ ಬಂದದ್ದೇ ಈ ಒಂದು ಮಾತು ಹೇಳಲು. ‘ಸಾಲ’ ಎಂಬ ಹೆಸರಿರುವುದರಿಂದ ಪ್ರೈವೇಟ್ ಕ್ರೆಡಿಟ್ಟನ್ನು ಬಾಂಡಿನ ಪಾಲಿನಿಂದ ತೆಗೆದು ಕೊಳ್ಳುವುದು ರೂಢಿ. ‘ಬಾಂಡು 5% ಕೊಡುತ್ತದೆ, ಇದು 8% ಕೊಡುತ್ತದೆ, ಬದಲಾಯಿಸಿಕೊಳ್ಳಿ’ ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾವು ಮೊದಲು ಬರೆದುಕೊಂಡ ಪ್ರಶ್ನೆಗೆ ಹೋಗಿ. ಸರ್ಕಾರಿ ಬಾಂಡಿನ ನಷ್ಟದ ಕಾರಣ ಬಡ್ಡಿದರದ ಏರಿಕೆ. ಪ್ರೈವೇಟ್ ಕ್ರೆಡಿಟ್ಟಿನ ನಷ್ಟದ ಕಾರಣ ಆರ್ಥಿಕ ಹಿಂಜರಿತದಲ್ಲಿ ದುರ್ಬಲ ಕಂಪನಿಗಳು ಕುಸಿಯುವುದು. ಷೇರಿನ ನಷ್ಟದ ಕಾರಣವೂ ಬಹುಮಟ್ಟಿಗೆ ಅದೇ. ಬಾಂಡು ತೆಗೆದು ಪ್ರೈವೇಟ್ ಕ್ರೆಡಿಟ್ ಹಾಕಿದರೆ, 2008ರಂಥ ವರ್ಷದಲ್ಲಿ ನಿಮ್ಮ ಕೈ ಹಿಡಿಯುವ ಒಂದೇ ಆಸರೆಯನ್ನು ಕೊಟ್ಟು, ಷೇರಿನ ಜೊತೆಯಲ್ಲೇ ಬೀಳುವ ಇನ್ನೊಂದನ್ನು ತಂದುಕೊಂಡಂತಾಯಿತು. ಕೊಳ್ಳುವುದಾದರೆ ಷೇರಿನ ಪಾಲಿನಿಂದ ತೆಗೆದು ಕೊಳ್ಳಿ. ಆಗ ಒಟ್ಟು ಅಪಾಯ ಸ್ವಲ್ಪ ಇಳಿಯುತ್ತದೆ, ಬಡ್ಡಿಯ ಆದಾಯ ಸಿಗುತ್ತದೆ, ಬಾಂಡು ತನ್ನ ಕೆಲಸಕ್ಕೆ ಅಲ್ಲೇ ಇರುತ್ತದೆ.

ನಿಮ್ಮ ಸಂಬಳವನ್ನೂ ಈ ಪಟ್ಟಿಯಲ್ಲಿ ಸೇರಿಸಿ. ಪ್ರೈವೇಟ್ ಕ್ರೆಡಿಟ್ ಫಂಡುಗಳ ಹಣ ಸಾಫ್ಟ್‌ವೇರ್, ಆರೋಗ್ಯ ಸೇವೆ, ಕಂಪನಿಗಳಿಗೆ ಸೇವೆ ಒದಗಿಸುವ ಉದ್ಯಮ, ಹೀಗೆ ಕೆಲವೇ ಕ್ಷೇತ್ರಗಳಲ್ಲಿ ದಟ್ಟವಾಗಿರುತ್ತದೆ. ನೀವು ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಷೇರುಗಳಲ್ಲಿ ತಂತ್ರಜ್ಞಾನವೇ ಹೆಚ್ಚಿದ್ದು, ಸಾಲವೂ ಸಾಫ್ಟ್‌ವೇರ್ ಕಂಪನಿಗಳಿಗೇ ಹೋದರೆ, ಒಂದು ಕೆಟ್ಟ ವರ್ಷ ಕೆಲಸ, ಷೇರು, ಸಾಲ ಮೂರನ್ನೂ ಒಟ್ಟಿಗೆ ಅಲುಗಿಸುತ್ತದೆ.

ಈಗ ಆ ಪರ್ಸೆಂಟ್ ಪ್ರಶ್ನೆ. ಮೊದಲು ಮೂರು ವರ್ಷದೊಳಗೆ ಬೇಕಾಗುವ ಹಣವನ್ನು ಪಕ್ಕಕ್ಕಿಡಿ. ಅದು ಠೇವಣಿ ಅಥವಾ ಅಲ್ಪಾವಧಿ ಸರ್ಕಾರಿ ಪತ್ರಗಳಲ್ಲೇ ಇರಲಿ, ಅದರ ಬಗ್ಗೆ ಚರ್ಚೆಯೇ ಬೇಡ. ಉಳಿದದ್ದು 100 ಎಂದುಕೊಳ್ಳಿ. ಮಧ್ಯವಯಸ್ಸಿನ, ದುಡಿಮೆಯ ವರ್ಷಗಳು ಇನ್ನೂ ಉಳಿದಿರುವ ಒಬ್ಬರಿಗೆ ನಾನು ಷೇರು 50, ಸರ್ಕಾರದ ಮತ್ತು ಒಳ್ಳೆಯ ರೇಟಿಂಗ್ ಇರುವ ಕಂಪನಿಗಳ ಬಾಂಡು ಏಣಿಯ ರೂಪದಲ್ಲಿ 33, ಹಣದುಬ್ಬರಕ್ಕೆ ಜೋಡಿಸಿದ ಅಲ್ಪಾವಧಿ ಬಾಂಡು 10, ಪ್ರೈವೇಟ್ ಕ್ರೆಡಿಟ್ 7 ಎಂದು ಹೇಳುತ್ತೇನೆ. ಪ್ರೈವೇಟ್ ಕ್ರೆಡಿಟ್ 10 ದಾಟುವುದನ್ನು ನಾನು ಒಪ್ಪುವುದಿಲ್ಲ. ಸೊನ್ನೆ ಇದ್ದರೆ ಏನಾದರೂ ಕಳೆದುಕೊಂಡಿರಾ ಎಂದರೆ, ಇಲ್ಲ. ಷೇರು ಮತ್ತು ಬಾಂಡು ಎರಡರಿಂದಲೇ ಬಹಳ ಒಳ್ಳೆಯ ಗಂಟು ಕಟ್ಟಬಹುದು. ಕೆಲವು ದೇಶಗಳಲ್ಲಿ ಇದಕ್ಕೆ ಕನಿಷ್ಠ ಆಸ್ತಿ, ಕನಿಷ್ಠ ಹೂಡಿಕೆಯ ಮಿತಿಗಳೂ ಇವೆ. ಆ ಮಿತಿ ಮುಟ್ಟಲು ಗಂಟಿನ ದೊಡ್ಡ ಪಾಲನ್ನೇ ಸುರಿಯಬೇಕಾಗುವುದಾದರೆ ಅದು ನಿಮಗಲ್ಲ.

ಸಭಿಕರು ಕೇಳಿದ್ದು

ಬಡ್ಡಿಯ ಆದಾಯದಲ್ಲೇ ಜೀವನ ಸಾಗಿಸುವ ನಿವೃತ್ತರೊಬ್ಬರು, ‘ನನಗೆ ಮೂರು ತಿಂಗಳಿಗೊಮ್ಮೆ ಬರುವ ಹೆಚ್ಚಿನ ಬಡ್ಡಿ ಮುಖ್ಯವಲ್ಲವೇ ಸರ್?’ ಎಂದು ಕೇಳಿದರು. ನಾನು ಹೇಳಿದೆ: ನಿಮಗೆ ಮುಖ್ಯವಾದದ್ದು ಹೆಚ್ಚಿನ ಬಡ್ಡಿಯಲ್ಲ, ತಪ್ಪದ ಬಡ್ಡಿ. ದುಡಿಯುವವರಿಗೆ ಒಂದು ವರ್ಷದ ಆದಾಯ ತಪ್ಪಿದರೆ ಸಂಬಳ ಇದೆ. ನಿಮಗೆ ಈ ಬಡ್ಡಿಯೇ ಸಂಬಳ. ಮೊದಲ ಐದು ವರ್ಷದ ಖರ್ಚನ್ನು ಬಾಂಡಿನ ಏಣಿಯಲ್ಲಿ ಭದ್ರ ಮಾಡಿ. ಅದಾದ ಮೇಲೆ ಉಳಿದದ್ದರಲ್ಲಿ ಮನಸ್ಸಿದ್ದರೆ 5%. ಬಡ್ಡಿ ಆಸೆಗೆ ಅಸಲು ಹೋಗುವುದು ಎಲ್ಲ ವಯಸ್ಸಿನಲ್ಲೂ ನೋವು, ಆದರೆ ಮತ್ತೆ ದುಡಿಯಲಾಗದ ವಯಸ್ಸಿನಲ್ಲಿ ಅದನ್ನು ತುಂಬಿಕೊಳ್ಳುವ ದಾರಿಯೇ ಇರುವುದಿಲ್ಲ.

ಫಂಡು ಆರಿಸುವಾಗ ಏನು ಕೇಳಬೇಕು ಎಂಬುದು ಇನ್ನೊಂದು ಪ್ರಶ್ನೆ. ಎಷ್ಟು ಸಾಲಗಾರರಿದ್ದಾರೆ, ಅತಿ ದೊಡ್ಡ ಸಾಲ ಒಟ್ಟು ಫಂಡಿನ ಎಷ್ಟು ಪಾಲು, ವಸೂಲಿಯಲ್ಲಿ ಮೊದಲ ಜಾಗವಿರುವ ಸಾಲಗಳು ಎಷ್ಟು, ಪಿಕ್ ಎಷ್ಟು, ಫಂಡು ಸ್ವತಃ ಎಷ್ಟು ಸಾಲ ಎತ್ತಿದೆ, ಮೌಲ್ಯ ಹಾಕುವವರು ಯಾರು. ಎಲ್ಲಕ್ಕಿಂತ ಹೆಚ್ಚಾಗಿ, ಈ ನಿರ್ವಾಹಕರು 2008ರಲ್ಲಿ ಸಾಲ ಕೊಡುವ ಕೆಲಸದಲ್ಲಿದ್ದರೇ, ಆಗ ಎಷ್ಟು ಕಳೆದುಕೊಂಡರು? ಈ ಉದ್ಯಮದ ಬಹುಪಾಲು ಬೆಳೆದದ್ದೇ ಆ ನಂತರ. ಒಳ್ಳೆಯ ದಿನಗಳಲ್ಲಿ ಸಾಲ ಕೊಡುವುದು ಯಾರಿಗೂ ಕಷ್ಟವಲ್ಲ, ಕೆಟ್ಟ ದಿನಗಳಲ್ಲಿ ವಸೂಲು ಮಾಡಿದ ಅನುಭವಕ್ಕೆ ಶುಲ್ಕ ಕೊಡಬಹುದು.

ಕೊನೆಯ ಪ್ರಶ್ನೆ ಒಬ್ಬ ಯುವತಿಯದು: ವರ್ಷಕ್ಕೊಮ್ಮೆ ಎಲ್ಲ ಪಾಲುಗಳನ್ನೂ ಮೊದಲಿನ ಅನುಪಾತಕ್ಕೆ ತರಬೇಕು ಎನ್ನುತ್ತಾರಲ್ಲ, ಮಾರಲಾಗದ ಹೂಡಿಕೆ ಇದ್ದರೆ ಅದು ಹೇಗೆ? ಬಹಳ ಒಳ್ಳೆಯ ಪ್ರಶ್ನೆ. ಷೇರು ಮತ್ತು ಬಾಂಡು ಎರಡೂ ಬಿದ್ದ ವರ್ಷ ನಿಮ್ಮ 100ರ ಗಂಟು 80 ಆಯಿತು ಎಂದುಕೊಳ್ಳಿ. ಪ್ರೈವೇಟ್ ಕ್ರೆಡಿಟ್ಟಿನ 10 ಲೆಕ್ಕದಲ್ಲಿ ಹಾಗೇ ನಿಂತಿದೆ. ನೀವು ಏನೂ ಮಾಡದೆಯೇ ಅದರ ಪಾಲು 10ರಿಂದ 12.5%ಕ್ಕೆ ಏರಿತು. ಅಗ್ಗವಾದ ಷೇರನ್ನು ಕೊಳ್ಳಲು ಅದರಿಂದ ಹಣ ತೆಗೆಯೋಣವೆಂದರೆ ಗೇಟು ಅಡ್ಡ. 2022ರಲ್ಲಿ ದೊಡ್ಡ ದೊಡ್ಡ ಪಿಂಚಣಿ ನಿಧಿಗಳೇ ಈ ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದವು. ಹಾಗಾಗಿ ಮಾರಲಾಗದ ಪಾಲನ್ನು ನಿಮ್ಮ ಮಿತಿಗಿಂತ ಕೆಳಗೇ ಆರಂಭಿಸಿ. 10 ನಿಮ್ಮ ಗಡಿಯಾದರೆ 7 ಹಾಕಿ. ಅನುಪಾತ ಸರಿಪಡಿಸುವ ಕೆಲಸವನ್ನೆಲ್ಲ ಷೇರು ಮತ್ತು ಬಾಂಡುಗಳ ನಡುವೆಯೇ ಮಾಡಿ. ಏಣಿಯಿಂದ ವರ್ಷವರ್ಷ ಬೀಳುವ ಪಾಲು ಇರುವುದರಿಂದ ಆ ವರ್ಷ ಏನನ್ನೂ ನಷ್ಟಕ್ಕೆ ಮಾರದೆ ಷೇರು ಕೊಳ್ಳಬಹುದು. ಪ್ರೈವೇಟ್ ಕ್ರೆಡಿಟ್ಟಿನಿಂದ ಬರುವ ಬಡ್ಡಿಯನ್ನು ಅದೇ ಫಂಡಿಗೆ ಮತ್ತೆ ಸುರಿಯದೆ ನಗದಾಗಿ ಪಡೆಯುವ ಆಯ್ಕೆ ಅರ್ಜಿಯಲ್ಲೇ ಇರುತ್ತದೆ. ಸೇರುವ ದಿನವೇ ಅದಕ್ಕೆ ಗುರುತು ಹಾಕಿ.